ಹೂವಿಲ್ಲ ಸಾರ್, ಮತ್ತೆ ಬರ್ತೀನಿ

ಮೊದಲೇ ಹೇಳಿಬಿಡುತ್ತೇನೆ: ನನಗೆ ಆ ಹೂವಿನ ಮೇಲೆ ಪ್ರೀತಿಯೇನೂ ಇರಲಿಲ್ಲ. ಸಾಸಿವೆ ಕುಟುಂಬದ ಒಂದು ಕಾಡುಗಿಡ. ಮೊಣಕಾಲೆತ್ತರ, ಉಗುರಿನಷ್ಟು ಹೂವು. ಅದು ಭೂಮಿಯಿಂದ ಮಾಯವಾದರೆ ಮನುಷ್ಯರಿಗೆ ಏನು ನಷ್ಟ ಎಂದು ಯಾರಾದರೂ ಕೇಳಿದ್ದರೆ, ಕೇಳಿದವರ ಪರವಾಗಿಯೇ ನಿಂತು ವಾದ ಮಾಡಬಲ್ಲವಳಾಗಿದ್ದೆ. ಮೈಸೂರಿನ ಕಾಲೇಜಿನಲ್ಲಿ ನಾನು ಬೆಳೆದದ್ದು ತರಗತಿಗಿಂತ ಹೆಚ್ಚಾಗಿ ಚರ್ಚಾಸ್ಪರ್ಧೆಯ ವೇದಿಕೆಯ ಮೇಲೆ. ಚೀಟಿಯಲ್ಲಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಮನೆಯಲ್ಲಿ ಉರ್ದು, ವೇದಿಕೆಯಲ್ಲಿ ಕನ್ನಡ. ಜಗಳಕ್ಕೆ ಎರಡೂ ಆಗುತ್ತಿದ್ದವು. ಆದರೆ ಆ ವೇದಿಕೆ ಒಂದು ಚಟವನ್ನೂ ಅಂಟಿಸಿತ್ತು. ಸಾಬೀತಾಗದ ಮಾತನ್ನು ಸಾಬೀತಾಗಿದೆ ಎಂಬಂತೆ ಯಾರಾದರೂ ಹೇಳಿದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಆ ವರ್ಷ ಹಾಗೆ ಹೇಳಿದ್ದು ನಮ್ಮದೇ ಆಫೀಸು. ಹೇಳಿದ್ದು ನನ್ನ ಹೆಸರಿನಲ್ಲಿ.

ಅಮೆರಿಕದ ಪಶ್ಚಿಮ ಕರಾವಳಿಯ ಎಮರಿವಿಲ್‌ನಲ್ಲಿ ಹಳೆಯ ಗೋದಾಮೊಂದರ ಮೇಲಂತಸ್ತಿನಲ್ಲಿ ನಮ್ಮ ಆಫೀಸಿತ್ತು. ಎಲ್ಲಿಯಾದರೂ ಕಟ್ಟಡ ಏಳುವ ಮೊದಲು ಆ ನೆಲದಲ್ಲಿ ಅಪರೂಪದ ಗಿಡ, ಕಪ್ಪೆ, ಚಿಟ್ಟೆ ಏನಿದೆ ಎಂದು ನೋಡಿ ವರದಿ ಕೊಡುವುದು ನಮ್ಮ ಕೆಲಸ. ಡಾಟ್‌ಕಾಮ್ ಜ್ವರ ಏರಿದ್ದ ಕಾಲ ಅದು. ಹಣ್ಣಿನ ತೋಟ, ಹುಲ್ಲುಗಾವಲು, ಹಣ್ಣನ್ನು ಡಬ್ಬಿಗೆ ತುಂಬುತ್ತಿದ್ದ ಹಳೆಯ ಕಾರ್ಖಾನೆ, ಯಾವ ಖಾಲಿ ಜಾಗ ನೋಡಿದರೂ ಒಂದು ಕಂಪನಿ ಅಲ್ಲಿ ತನ್ನ ಕ್ಯಾಂಪಸ್ಸಿನ ನಕ್ಷೆ ಬರೆದುಕೊಂಡಿರುತ್ತಿತ್ತು. ರೆಡ್‌ವುಡ್ ಸಿಟಿಯಲ್ಲಿ ಆಫೀಸಿದ್ದ ಅಂಥದೊಂದು ಸಾಫ್ಟ್‌ವೇರ್ ಕಂಪನಿ ಸ್ಯಾನ್ ಹೋಸೆಯ ದಕ್ಷಿಣಕ್ಕೆ ಕಣಿವೆಯಲ್ಲಿ ಜಾಗ ಹಿಡಿದಿತ್ತು. ಕಟ್ಟಡಗಳು ಕೆಳಗೆ. ನೀರಿನ ಟ್ಯಾಂಕು ಮಾತ್ರ ಹಿಂದಿನ ಬೆಟ್ಟದ ಮೇಲೆ. ಟ್ಯಾಂಕಿಗೆ ಹೋಗುವ ರಸ್ತೆಗಾಗಿ ಒಂದು ಇಳಿಜಾರನ್ನು ಕಡಿಯಬೇಕಿತ್ತು. ಆ ಇಳಿಜಾರು ನನ್ನ ಪಾಲಿಗೆ ಬಂತು.

ಅದು ಮಾಮೂಲಿ ಬೆಟ್ಟವಲ್ಲ, ಸರ್ಪೆಂಟೈನ್ ಎಂಬ ಕಲ್ಲಿನದು. ಹಸಿರುಬೂದು ಬಣ್ಣ, ಮುಟ್ಟಿದರೆ ಸೋಪಿನ ಜಾರು. ಅದರ ಮಣ್ಣಿನಲ್ಲಿ ಗಿಡಕ್ಕೆ ಬೇಕಾದ ಸುಣ್ಣದಂಶ ಕಡಿಮೆ, ಬೇಡವಾದ ಲೋಹ ಹೆಚ್ಚು; ನೀರೂ ನಿಲ್ಲುವುದಿಲ್ಲ. ಪಕ್ಕದ ಗುಡ್ಡಕ್ಕೆ ಬಿದ್ದಷ್ಟೇ ಮಳೆ ಇದಕ್ಕೂ ಬಿದ್ದರೂ ಇದೊಂದು ತುಂಡು ಮರುಭೂಮಿಯಾಗಿಯೇ ಉಳಿಯುತ್ತದೆ. ಬೇರೆ ಗಿಡಗಳು ಸೋತು ಬಿಟ್ಟುಹೋದ ಈ ಕಲ್ಲುಸಂದಿಗಳಲ್ಲಿ ನಾನು ಮೊದಲು ಹೇಳಿದ ಕಾಡುಗಿಡ, ಜ್ಯುವೆಲ್‌ಫ್ಲವರ್, ಬೆಳೆಯುತ್ತದೆ. ಅದರ ನೆಂಟರು ದಕ್ಷಿಣದ ನಿಜವಾದ ಮರುಭೂಮಿಗಳಲ್ಲಿದ್ದಾರೆ. ನಮ್ಮ ಕಡೆ ಇದ್ದದ್ದು ಎರಡು ಬಗೆ: ಹೊರದಳ ನೇರಳೆ ಇರುವುದು ಒಂದು, ಹಸಿರು ಬೆರೆತ ಬಿಳಿ ಇರುವುದು ಇನ್ನೊಂದು. ನೇರಳೆಯದು ಅಪರೂಪ, ಅಷ್ಟೇ. ಬಿಳಿಯದು ಅಳಿವಿನಂಚಿನದು ಎಂದು ಸರ್ಕಾರದ ಪಟ್ಟಿ ಸೇರಿತ್ತು. ಬಿಳಿಯದಿದ್ದರೆ ರಸ್ತೆಯ ಪ್ರಶ್ನೆ ಮತ್ತೆ ಏಳುತ್ತದೆ, ಇಲ್ಲದಿದ್ದರೆ ಬುಲ್ಡೋಜರ್ ಬರುತ್ತದೆ. ಇವೆರಡನ್ನೂ ಬೇರ್ಪಡಿಸುವುದು ಹೂವು ಮಾತ್ರ. ಎಲೆ ನೋಡಿ ಹೇಳಲಾಗದು.

ನಮ್ಮ ಮ್ಯಾನೇಜರ್ ಮಂಡ್ಯದ ಕಡೆಯವರು, ಸಸ್ಯಶಾಸ್ತ್ರದಲ್ಲಿ ಡಾಕ್ಟರೇಟು. ಆಫೀಸಿನಲ್ಲಿ ಎಲ್ಲರೂ ಅವರನ್ನು ಮೊದಲ ಹೆಸರಿನಿಂದ ಕರೆಯುತ್ತಿದ್ದರು; ನನ್ನ ಬಾಯಲ್ಲಿ ಮಾತ್ರ ಸಾರ್. ನಾವಿಬ್ಬರೇ ಇದ್ದಾಗ ಕನ್ನಡ. ಆ ಗಿಡದ ಉದ್ದನೆಯ ಲ್ಯಾಟಿನ್ ಹೆಸರು ಬೇಸರವಾಗಿ ಅದನ್ನು ಬರೀ ‘ಹೂವು’ ಎನ್ನಲು ಶುರುಮಾಡಿದ್ದೆವು. ‘ಹೂವಿನ ಫೈಲ್ ತಾ’, ‘ಹೂವಿನ ಮೀಟಿಂಗು ಮುಂದಕ್ಕೆ ಹೋಯ್ತು.’ ಎಲ್ಲ ತೊಂದರೆ ಶುರುವಾದದ್ದು ಇಲ್ಲಿಂದ.

ಮಾರ್ಚಿನಲ್ಲಿ ಮೊದಲ ಸಲ ಹೋದೆ. ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ: ಗಿಡ ಇದೆಯೆಂದು ಖಚಿತವಾಗಿ ಗೊತ್ತಿರುವ ಒಂದು ಜಾಗವನ್ನು ಮೊದಲು ನೋಡಬೇಕು. ಅಲ್ಲಿ ಹೂವು ಬಿಟ್ಟಿದ್ದರೆ ಮಾತ್ರ ಹೊಸ ಜಾಗದಲ್ಲಿ ‘ಕಾಣಲಿಲ್ಲ’ ಎಂಬ ಮಾತಿಗೆ ಬೆಲೆ. ಹತ್ತಿರದ ಉದ್ಯಾನದ ಗುಡ್ಡದಲ್ಲಿದ್ದ ಗಿಡಗಳು ಇನ್ನೂ ನೆಲಕ್ಕೆ ಅಂಟಿಕೊಂಡ ಎಲೆಗಳ ಚಕ್ರಗಳಾಗಿದ್ದವು. ಸರಿ, ಬೇಗ ಬಂದಿದ್ದೇನೆ ಎಂದು ಗೊತ್ತಾಯಿತು. ಆದರೂ ಇಳಿಜಾರಿನಲ್ಲಿ ಸಾಲು ಹಿಡಿದು ಅಡ್ಡಡ್ಡ ನಡೆದೆ. ಮೇಲಿನ ಒಂದು ಬಂಡೆಯ ಬುಡದಲ್ಲಿ ಅದೇ ಬಗೆಯ ಎಲೆಚಕ್ರಗಳು ಸಿಕ್ಕವು. ದನ ತುಳಿದು ಮುರಿದಿದ್ದ ಎಲೆಯ ಚೂರೊಂದನ್ನು ಬಾಯಿಗೆ ಹಾಕಿಕೊಂಡೆ. ಮೂಗಿಗೆ ಏರಿದ ಘಾಟು ಸಾಸಿವೆ ಕುಟುಂಬದ್ದೇ, ಅನುಮಾನವಿಲ್ಲ. ಆದರೆ ಆ ಮನೆತನದಲ್ಲಿ ಯಾರು? ಹೂವಿಲ್ಲದೆ ಹೇಳುವಂತಿಲ್ಲ. ಸುತ್ತ ತಂತಿಯ ಕಡ್ಡಿಗೆ ಕಟ್ಟಿದ ಗುಲಾಬಿ ಬಾವುಟಗಳನ್ನು ನೆಟ್ಟೆ. ಅಷ್ಟರಲ್ಲಿ ಫೋನ್ ಬಂತು. ಗಾಳಿಗೆ ಮಾತು ಹರಿದುಹರಿದು ಬರುತ್ತಿತ್ತು.

“ಹೂವು ಇದ್ಯೇನಮ್ಮ?”

“ಹೂವಿಲ್ಲ ಸಾರ್. ಮತ್ತೆ ಬರ್ತೀನಿ.”

“ಹೂಂ, ಬಾ ಬಾ.”

ಮರುದಿನವೇ ನನ್ನನ್ನು ಲಿವರ್‌ಮೋರ್ ಕಡೆಯ ಬೇರೊಂದು ಕೆಲಸಕ್ಕೆ ಕಳಿಸಿದರು. ಮಳೆನೀರಿನ ಹೊಂಡಗಳ ಸುತ್ತ ಬಗ್ಗಿ ಬಗ್ಗಿ ಏಪ್ರಿಲ್ ಮುಗಿಯಿತು. ಎಮರಿವಿಲ್‌ಗೆ ಮರಳಿ ಬೆಟ್ಟದ ಎರಡನೇ ಭೇಟಿಗೆ ದಿನ ಗೊತ್ತುಮಾಡೋಣ ಎಂದು ಹೋದರೆ, ಕರಡು ವರದಿ ಆಗಲೇ ಕಂಪನಿಗೆ ಹೋಗಿತ್ತು. ಅದರ ಮೊದಲ ಪುಟದಲ್ಲೇ ಇತ್ತು: ಯೋಜನೆಯ ಇಳಿಜಾರಿನಲ್ಲಿ ಈ ಗಿಡ ಇಲ್ಲ. ಸಮೀಕ್ಷೆ ಮಾಡಿದವರು ಎಂದು ನನ್ನ ಹೆಸರು.

ನಾನು ಬಾಗಿಲು ತಟ್ಟದೆ ಒಳಗೆ ಹೋದೆ.

“ಸಾರ್, ಇದನ್ನ ಯಾರು ಬರೆದದ್ದು?”

“ನಾನೇ ಕಣಮ್ಮ. ನೀನ್ ಹೇಳ್ದಂಗೆ ಬರ್ದೆ.”

“ನಾನು ಇಲ್ಲ ಅಂತ ಹೇಳೇ ಇಲ್ಲ.”

“ಹೂವಿಲ್ಲ ಅಂದೆ ತಾನೆ?”

“ಹೂವಿಲ್ಲ ಅಂದ್ರೆ ಹೂ ಬಿಟ್ಟಿಲ್ಲ ಅಂತ. ಗಿಡಾನೇ ಇಲ್ಲ ಅಂತ ಅಲ್ಲ.”

“ಅಲ್ಲ ಕಣಮ್ಮ, ಗಿಡಕ್ಕೆ ಹೂವು ಹೂವು ಅಂತ ಕರ್ಕಂಡು ಓಡಾಡ್ತಿರೋಳು ಯಾರು?”

“ಶುರು ಮಾಡಿದ್ದು ನೀವು.”

“ಆಯ್ತು, ನಾನೇ. ಅವತ್ತೊಂದಿನ ಮಾತ್ರ ಹೂವು ಅಂದ್ರೆ ಬರೀ ಹೂವು ಅಂತ ನಂಗೆ ಕನಸು ಬೀಳ್ಬೇಕಿತ್ತಾ?”

“ಮತ್ತೆ ಬರ್ತೀನಿ ಅಂತಾನೂ ಹೇಳಿದ್ನಲ್ಲ ಸಾರ್. ಗಿಡ ಇಲ್ಲದಿದ್ರೆ ನಾನ್ಯಾಕೆ ಮತ್ತೆ ಬರ್ಲಿ?”

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಫೋನ್ ಮಡಗುವಾಗ ನಿಮ್ಮೂರಲ್ಲಿ ಏನಂತಾರೆ? ಹೋಗ್ತೀನಿ ಅಂತಾರಾ, ಬರ್ತೀನಿ ಅಂತಾರಾ? ನೀನು ಬರ್ತೀನಿ ಅಂದೆ. ನಾನು ಬಾ ಬಾ ಅಂದೆ. ಮಡಗ್ದೆ.”

ಉತ್ತರವಿಲ್ಲದಿದ್ದರೆ ಪ್ರಶ್ನೆ ಬದಲಿಸಬೇಕೆಂದು ವೇದಿಕೆ ಕಲಿಸಿತ್ತು. ಬದಲಿಸಿದೆ. ಇದೆ ಎನ್ನುವವನು ಒಂದು ಗಿಡ ತೋರಿಸಿದರೆ ಸಾಕು, ಇಲ್ಲ ಎನ್ನುವವನು ಇಡೀ ಬೆಟ್ಟ ತೋರಿಸಬೇಕು. ನಾವು ಬೆಟ್ಟವನ್ನು ತೋರಿಸಿದ್ದೇವೆಯೇ? ಋತು ಬರುವ ಮೊದಲೇ ನೋಡಿ ಇಲ್ಲವೆಂದರೆ, ಬೆಳಗಿನ ಜಾವ ಅಂಗಡಿಗೆ ಹೋಗಿ ಈ ಊರಲ್ಲಿ ಅಕ್ಕಿ ಮಾರುವುದಿಲ್ಲ ಎಂದಂತಲ್ಲವೇ? ಬಾಗಿಲಾಚೆಯ ಮೇಜಿನವರಿಗೆ ಕನ್ನಡ ಬಾರದಿದ್ದರೂ ಕುರ್ಚಿ ತಿರುಗಿಸಿ ಕೂತು ಕೇಳುತ್ತಿದ್ದರು.

“ತಿದ್ದೋಣ,” ಎಂದರು ಮ್ಯಾನೇಜರ್. “ಏನಂತ ತಿದ್ಲಿ? ಇದೆ ಅಂತಾನಾ?”

“ಗೊತ್ತಿಲ್ಲ ಅಂತ.”

“ಗೊತ್ತಿಲ್ಲ ಅನ್ನೋಕೆ ಅವ್ರು ನಮ್ಮನ್ನ ಕರ್ಸ್ಬೇಕಾ? ಅವ್ರ ವಾಚ್‌ಮನ್ನೂ ಹೇಳ್ತಾನೆ.” ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. “ಗೆದ್ದೆ ಬಿಡಮ್ಮ. ಗೆದ್ದಿದ್ದು ಇಲ್ಲಿ. ಹೂವು ಅಲ್ಲಿ. ಹೋಗಿ ನೋಡ್ಕಂಡ್ ಬಾ.”

ಹೋಗುವುದು ಅಷ್ಟು ಸುಲಭವಿರಲಿಲ್ಲ. ಜಾಗ ಖಾಸಗಿ, ಗೇಟಿಗೆ ಬೀಗ, ಒಳಗೆ ಹೋಗಲು ಪ್ರತಿ ಸಲವೂ ಕಂಪನಿಯ ಅನುಮತಿ ಬೇಕು. ನಗರಸಭೆಯಲ್ಲಿ ಸಾರ್ವಜನಿಕ ವಿಚಾರಣೆ ಹತ್ತಿರವಾಗುತ್ತಿತ್ತು. ಅಲ್ಲಿ ನಮ್ಮ ವರದಿ ಅಂಗೀಕಾರವಾದರೆ ಆ ಇಳಿಜಾರಿನ ವಿಷಯ ಅಲ್ಲಿಗೆ ಮುಗಿದಂತೆ. “ಮಾಮೂಲಿ ಎರಡನೇ ಭೇಟಿ ಅನ್ನು. ಜಾಸ್ತಿ ಮಾತಾಡ್ಬೇಡ,” ಎಂದು ಮ್ಯಾನೇಜರ್ ಹೇಳಿಕೊಟ್ಟಿದ್ದರು. ಅದು ಸುಳ್ಳೂ ಅಲ್ಲ. ಎರಡನೆಯದೇ, ಭೇಟಿಯೇ.

ಕಂಪನಿಯ ಕಡೆಯಿಂದ ಯೋಜನೆ ನೋಡಿಕೊಳ್ಳುತ್ತಿದ್ದ ಅಮೆರಿಕನ್ ಮಹಿಳೆ ಫೋನ್ ಎತ್ತಿದರು. ಮಾತು ಚುರುಕು, ಒರಟಲ್ಲ. ಕರಡಿನಲ್ಲಿ ಗಿಡ ಇಲ್ಲವೆಂದು ನೀವೇ ಬರೆದಿದ್ದೀರಿ, ಇನ್ನೇನು ನೋಡುವುದು ಎಂದು ಕೇಳಿದರು. ಮಾಮೂಲಿ ಎಂಬ ಪದ ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಅನುಮತಿ ಬಹುಶಃ ಅಂದೇ ಸಿಗುತ್ತಿತ್ತು. ಆದರೆ ಒಂದು ಸಡಿಲ ಮಾತಿನಿಂದ ಆದ ತಪ್ಪನ್ನು ಇನ್ನೊಂದು ಸಡಿಲ ಮಾತಿನಿಂದ ತಿದ್ದಲು ಹೊರಟಿದ್ದೇನೆ ಎಂಬುದು ಆ ಕ್ಷಣಕ್ಕೇ ಕಂಡುಬಿಟ್ಟಿತು.

“ಕರಡಿನ ಆ ಸಾಲು ತಪ್ಪು,” ಎಂದೆ.

“ಅಂದರೆ ಗಿಡ ಇದೆಯೇ?”

“ಅದೂ ಗೊತ್ತಿಲ್ಲ.”

“ಹಾಗಾದರೆ ನಿಮಗೆ ಗೊತ್ತಿರುವುದಾದರೂ ಏನು?”

“ಸಾಸಿವೆ ಜಾತಿಯ ಎಲೆಗಳಿವೆ, ಹೂವು ಬಿಡುವ ಮೊದಲೇ ನಾವು ತೀರ್ಮಾನ ಬರೆದಿದ್ದೇವೆ. ಇಷ್ಟು ಗೊತ್ತು.”

ಯೋಚಿಸಿ ತಿಳಿಸುತ್ತೇನೆ ಎಂದು ಫೋನ್ ಇಟ್ಟರು. ಈ ಮಾತು ಕೇಳಿ ಮ್ಯಾನೇಜರ್ ಕೂಗಾಡಲಿಲ್ಲ. ಕೂಗಾಡಿದ್ದರೆ ವಾದಿಸಬಹುದಿತ್ತು. “ಅವ್ರು ಇನ್ನೊಂದ್ ಸಲ ನಮ್ಮನ್ನ ಕರೆಯಲ್ಲ, ಅಷ್ಟೇ,” ಎಂದು ಕಿಟಕಿಯ ಕಡೆ ನೋಡುತ್ತ ಕೂತರು. ಐದಾರು ಜನರ ಆಫೀಸು ಅದು. ಅವರೇ ಕಟ್ಟಿದ್ದು.

ಅನುಮತಿ ಬರಲಿಲ್ಲ, ಬಿಸಿಲು ಬಂತು. ದಿನವೂ ಫ್ರೀವೇಯಲ್ಲಿ ಹೋಗುವಾಗ ಗುಡ್ಡಗಳ ಹಸಿರು ಕರಗಿ ಒಣಹುಲ್ಲಿನ ಬಣ್ಣಕ್ಕೆ ತಿರುಗುವುದನ್ನು ನೋಡುತ್ತಿದ್ದೆ. ಒಂದು ಶನಿವಾರ ಉದ್ಯಾನದ ಗಿಡಗಳನ್ನು ನೋಡಿಬಂದೆ. ಹೂವು ಬಿಟ್ಟಾಗಿತ್ತು, ಕಾಂಡದ ಕೆಳಭಾಗದಲ್ಲಿ ಸೂಜಿಯಂಥ ಕಾಯಿಗಳೂ ಮೂಡಿದ್ದವು. ಹೂವು ಕೆಳಗಿನಿಂದ ಮೇಲಕ್ಕೆ ಅರಳುತ್ತ ಹೋಗುತ್ತದೆ. ತುದಿ ತಲುಪಿದರೆ ಮುಗಿಯಿತು, ಗಿಡ ಒಣಗುತ್ತದೆ, ಮುಂದಿನ ವರ್ಷದವರೆಗೆ ಬರೀ ಬೀಜ. ಮುಂದಿನ ವರ್ಷ ಅಲ್ಲಿ ರಸ್ತೆ ಇರುತ್ತದೆ.

ಕ್ಯಾಂಪ್‌ಬೆಲ್‌ನಲ್ಲಿ ಅಕ್ಕನ ಅಪಾರ್ಟ್‌ಮೆಂಟಿನಲ್ಲಿ ನನ್ನ ವಾಸ. ನಾನು ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಫೋನಿನ ಹತ್ತಿರಕ್ಕೆ ಓಡಾಡುವುದನ್ನು ನೋಡಿ ಆಪಾ ಒಗ್ಗರಣೆಗೆ ಸಾಸಿವೆ ಹಾಕುತ್ತ ಕೇಳಿದಳು:

“ಡಬ್ಬಿ ತುಂಬ ಸಾಸಿವೆ ಇದೆ, ಕೊಡಲಾ? ಗುಡ್ಡದ ಮೇಲೆ ಚೆಲ್ಲಿ ಬಾ. ಸಿಕ್ತು ಅಂತ ಬರಿ.”

“ತಮಾಷೆ ಅಲ್ಲ ಆಪಾ. ನಾನು ಹೇಳಿದ್ದು ಸರಿ ಅಂತ ತೋರಿಸಬೇಕು.”

“ನೀನು ನೋಡೋಕೆ ಹೋಗ್ತಿದ್ದೀಯೋ, ಗೆಲ್ಲೋಕೆ ಹೋಗ್ತಿದ್ದೀಯೋ?”

ಇದೇನು ದೊಡ್ಡ ಪ್ರಶ್ನೆ ಎಂದು ತಳ್ಳಿಹಾಕಿದೆ. ಆದರೆ ಅದು ಕಾಲಿಗೆ ಚುಚ್ಚಿದ ಹುಲ್ಲುಮುಳ್ಳಿನಂತೆ ಜೊತೆಗೇ ಬಂತು.

ಕೊನೆಗೂ ಕಂಪನಿಯಿಂದ ಸುದ್ದಿ ಬಂತು: ಒಂದೇ ದಿನ, ಸಂಜೆಗೆ ಗೇಟು ಮುಚ್ಚುತ್ತದೆ. ಹೊರಡುವಾಗ ಮ್ಯಾನೇಜರ್ ಹೇಳಿದ್ದು ಇಷ್ಟು: “ನೀರು ಜಾಸ್ತಿ ತಗೊಂಡ್ ಹೋಗು, ಬಿಸ್ಲು.”

ಬೆಟ್ಟ ಹತ್ತಿದರೆ ನನ್ನ ಗುಲಾಬಿ ಬಾವುಟಗಳಿಲ್ಲ. ಒಂದೆರಡು ತಂತಿಕಡ್ಡಿಗಳು ಸೊಟ್ಟಗೆ ನಿಂತಿದ್ದವು. ತುದಿಯ ಪ್ಲಾಸ್ಟಿಕ್ಕನ್ನು ದನಗಳು ತಿಂದು ಹೋಗಿದ್ದವು. ಕೈಯಲ್ಲಿದ್ದ ಜಿಪಿಎಸ್ ಹೆಸರಿಗೆ ಮಾತ್ರ. ಆ ಕಾಲದಲ್ಲಿ ಜನಸಾಮಾನ್ಯರಿಗೆ ನಿಖರ ಜಾಗ ಸಿಗದಿರಲೆಂದು ಅಮೆರಿಕದ ಸೇನೆ ಬೇಕೆಂದೇ ಅದರ ಲೆಕ್ಕ ಕೆಡಿಸಿಟ್ಟಿತ್ತು. ಇಲ್ಲೇ ಎಂದು ಅದು ತೋರಿಸಿದ ಜಾಗ ಒಮ್ಮೆ ಬಂಡೆಯ ಮೇಲೆ, ಒಮ್ಮೆ ತೊರೆಯ ಆಚೆ. ಮಾರ್ಚಿನಲ್ಲಿ ತೆಗೆದಿದ್ದ ಫೋಟೋ ಹಿಡಿದು ಬಂಡೆಯ ಆಕಾರ ಹೋಲಿಸುತ್ತ ಹೋಗಿ ಅಂತೂ ಆ ಬುಡ ಹಿಡಿದೆ. ಗಿಡಗಳಿದ್ದವು. ಕಾಂಡಗಳು ಮೇಲೆದ್ದಿದ್ದವು. ಒಂದೊಂದರ ತುದಿಯೂ ನೇರವಾಗಿ ಕಚ್ಚಿ ತುಂಡರಿಸಿದಂತಿತ್ತು. ಬಾವುಟ ತಿಂದ ಬಾಯಿಯೇ ಹೂವನ್ನೂ ತಿಂದಿತ್ತು.

ಹೂವಿಲ್ಲ. ಈ ಸಲದ್ದು ಮೂರನೆಯ ಅರ್ಥ.

ಅಲ್ಲೇ ಕೂತೆ, ಎದ್ದೆ, ಬಂಡೆಗೆ ಒಂದು ಸುತ್ತು ಬಂದೆ, ಮತ್ತೆ ಕೂತೆ. ಇಲ್ಲಿಂದ ಇಳಿದು ಹೋಗಿ ‘ಗೊತ್ತಿಲ್ಲ’ ಎಂದೇ ಬರೆಯಬಹುದಿತ್ತು, ಪ್ರಾಮಾಣಿಕವಾದ ಮಾತೇ. ಆದರೆ ವಿಚಾರಣೆಯಲ್ಲಿ ಗೊತ್ತಿಲ್ಲ ಎಂಬುದಕ್ಕೂ ಇಲ್ಲ ಎಂಬುದಕ್ಕೂ ಬುಲ್ಡೋಜರಿನ ಮಟ್ಟಿಗೆ ವ್ಯತ್ಯಾಸವಿಲ್ಲ. ಆಗ ದನದ ಕಡೆಯಿಂದ ಯೋಚಿಸಿದೆ. ದನ ಎಲ್ಲಿಗೆ ಹೋಗುವುದಿಲ್ಲ? ಪಾದ ನಿಲ್ಲದ ಕಡೆಗೆ. ಮಾರ್ಚಿನಲ್ಲಿ ನಾನೂ ಹೋಗಿರಲಿಲ್ಲ. ಟ್ಯಾಂಕಿನ ಜಾಗದ ಕೆಳಗೆ, ರಸ್ತೆಗೆ ಕಡಿಯಬೇಕಾದ ಕಡೆಯಲ್ಲೇ, ಸಡಿಲ ಕಲ್ಲಿನ ಕಡಿದಾದ ಮುಖವೊಂದಿತ್ತು. ಸಾಲು ಹಿಡಿದು ನಡೆಯಲಾಗದ ಜಾಗವೆಂದು ದೂರದಿಂದ ದುರ್ಬೀನಿನಲ್ಲಿ ನೋಡಿ ಬಿಟ್ಟಿದ್ದೆ.

ಕೂತುಕೊಂಡೇ ಜಾರುತ್ತ ಇಳಿದೆ. ಸರ್ಪೆಂಟೈನ್ ಚಕ್ಕೆಗಳು ನನಗಿಂತ ಮೊದಲು ಕೆಳಗೆ ತಲುಪುತ್ತಿದ್ದವು. ಅರ್ಧ ದಾರಿಯಲ್ಲಿ, ಒಂದು ಕುಳ್ಳ ಓಕ್ ಪೊದೆಯ ಹಿಂದೆ, ಕಲ್ಲಿನ ಬಿರುಕಿನಿಂದ ಎದ್ದು ನಿಂತಿದ್ದವು. ಬೂದಿ ಬಳಿದಂಥ ಕಾಂಡ, ಅದನ್ನು ಅಪ್ಪಿ ಹಿಡಿದ ಎಲೆ, ಹೂಜಿಯ ಆಕಾರದ ಹೂವು, ಬಾಯಲ್ಲಿ ಸುಕ್ಕುಸುಕ್ಕಾದ ದಳ. ಹೊರದಳ ಬಿಳಿ.

ಬಿಳಿ ಎಂದು ಕಂಡ ಕೂಡಲೇ ನನ್ನ ಮೇಲೇ ನನಗೆ ಅನುಮಾನ ಬಂತು. ಬಿಳಿ ಇದೆಯೋ, ಬಿಳಿ ಬೇಕೋ? ನೇರಳೆಯ ಬಗೆಯೂ ಹಳತಾದಾಗ ಬಿಸಿಲಿಗೆ ಬಣ್ಣ ಬಿಟ್ಟು ಪೇಲವವಾಗುತ್ತದೆ. ನಡುಹಗಲ ಬೆಳಕಿನಲ್ಲಿ ಎಲ್ಲವೂ ಬಿಳಿಯೇ. ಆಪಾ ಕೇಳಿದ್ದು ಈಗ ಚೆನ್ನಾಗಿ ಚುಚ್ಚಿತು. ಹಳೆಯ ಅಭ್ಯಾಸದಂತೆ ಎದುರು ಪಕ್ಷಕ್ಕೆ ಹೋದೆ: ಇದು ನೇರಳೆಯದು ಎಂದು ನಾನೇ ವಾದಿಸಿದರೆ ಯಾವ ಸಾಕ್ಷಿ ಮುಂದಿಡುತ್ತೇನೆ? ಕೆಳಗಿನ ಹೂವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು, ಅವು ಹಳೆಯವು. ತುದಿಯ ಮೊಗ್ಗು ಬಿಸಿಲು ಕಾಣದ್ದು, ಬಣ್ಣವಿದ್ದರೆ ಅಲ್ಲಿರಬೇಕು. ಕೀಳುವಂತಿಲ್ಲ, ಒಂದು ಮೊಗ್ಗನ್ನೂ. ಹೊಟ್ಟೆಯ ಮೇಲೆ ಮಲಗಿ, ಟೋಪಿಯ ನೆರಳು ಹಿಡಿದು, ಮೊಗ್ಗಿನ ಹಿಂದೆ ಬಿಳಿ ಕಾಗದವಿಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಕಾಗದದ ಪಕ್ಕ ಅದು ಹಸಿರು ಬೆರೆತ ಬಿಳಿ. ನೇರಳೆಯ ಸುಳಿವಿಲ್ಲ. ಪಕ್ಕದ ಗಿಡದ ಮೊಗ್ಗು, ಅದರಾಚೆಯದು. ಎಲ್ಲವೂ ಅದೇ. ಎದುರು ಪಕ್ಷಕ್ಕೆ ಹೇಳಲು ಏನೂ ಉಳಿಯಲಿಲ್ಲ. ಕ್ಯಾಮೆರಾದಲ್ಲಿದ್ದ ಸ್ಲೈಡ್ ಫಿಲ್ಮಿನ ಉಳಿದ ಚಿತ್ರಗಳನ್ನೆಲ್ಲ ಅಲ್ಲೇ ಮುಗಿಸಿದೆ.

ಮುಂದೆ ನಡೆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಅದರಲ್ಲಿ ನನ್ನ ಹೆಚ್ಚುಗಾರಿಕೆಯಿಲ್ಲ. ಸ್ಲೈಡುಗಳನ್ನು ಬೇರೆಯವರೂ ನೋಡಿ ಒಪ್ಪಿದರು, ವರದಿಯ ಮೊದಲ ಪುಟ ಬದಲಾಯಿತು, ರಸ್ತೆಯ ಗೆರೆಯನ್ನು ಬೆಟ್ಟದ ಇನ್ನೊಂದು ಮಗ್ಗುಲಿಗೆ ಸರಿಸಿದರು. ಅದಾದ ಮೇಲೆ ಡಾಟ್‌ಕಾಮ್ ಕುಸಿತದಲ್ಲಿ ಆ ಕ್ಯಾಂಪಸ್ಸು ನಕ್ಷೆಯಲ್ಲೇ ಉಳಿಯಿತು. ಹೂವನ್ನು ಉಳಿಸಿದ್ದು ನಾನೋ ಕುಸಿತವೋ ಎಂದು ಕೇಳಿದರೆ ಎರಡೂ ಕಡೆ ವಾದಿಸಬಲ್ಲೆ. ಒಂದು ಮಾತ್ರ ನಾವಂದುಕೊಂಡಂತೆ ಆಗಲಿಲ್ಲ: ಕಂಪನಿಯ ಆ ಮಹಿಳೆ ಇನ್ನೊಂದು ಕೆಲಸಕ್ಕೆ ನಮ್ಮನ್ನೇ ಕರೆದರು.

ಅಂದು ಬೆಟ್ಟದ ಮೇಲಿನ ಬಂಡೆ ತಲುಪಿ ಫೋನ್ ತೆಗೆದಾಗ ಮಾತ್ರ ಇದ್ಯಾವುದೂ ಗೊತ್ತಿರಲಿಲ್ಲ. ಗಾಳಿ ಮಾರ್ಚಿನದೇ. ಮೊದಲ ರಿಂಗಿಗೇ ಎತ್ತಿದರು.

“ಹೂವು...” ಎಂದು ಶುರುಮಾಡಿ ಅವರೇ ತಡೆದುಕೊಂಡರು. “ಬೇಡ. ನೀನೇ ಹೇಳು.”

“ಗಿಡ ಇದೆ ಸಾರ್. ಗಿಡದಲ್ಲಿ ಹೂವೂ ಇದೆ. ಹೂವಿನ ಹೊರದಳ ಬಿಳಿ. ಮೊಗ್ಗಲ್ಲೂ ಬಿಳಿ.”

ಪೆನ್ನು ಓಡುವ ಸದ್ದು ಕೇಳಿಸಿತು. ಹೇಳಿದ್ದನ್ನು ಇಂಗ್ಲಿಷಿನಲ್ಲಿ ತಿರುಗಿ ಓದಿದರು. ಸರಿ ಎಂದೆ. ಕೆಳಗೆ ಗೇಟು ಮುಚ್ಚಲು ಯಾರೋ ಕಾಯುತ್ತ ನಿಂತಿದ್ದು ಕಾಣುತ್ತಿತ್ತು.

“ಬರ್ತೀನಿ ಸಾರ್.”

ಆ ಕಡೆ ಫೋನ್ ಇಡುವ ಸದ್ದಾಗಲಿಲ್ಲ.

“ಆಫೀಸಿಗಾ, ಬೆಟ್ಟಕ್ಕಾ?” ಎಂದು ಕೇಳಿದರು. “ಬಿಡಿಸ್ ಹೇಳಮ್ಮ.”

ಬಿಡಿಸಿ ಹೇಳಿದೆ.